ಸೂರಿಮುಳ್ಳಿನ ಹಾದಿ

ಜೆಸಿಬಿಯ ಬಕೆಟ್ಟು ಬೇಲಿಯ ಮೊದಲ ಪೊದೆಯನ್ನು ಬುಡಸಮೇತ ಎತ್ತುತ್ತಿದ್ದಾಗ ಪವಿತ್ರ ಸ್ಕೂಟರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಕೀಲಿ ತೆಗೆಯುವುದನ್ನೂ ಮರೆತು ಓಡಿದಳು. ಹೆಲ್ಮೆಟ್ಟು ತಲೆಯ ಮೇಲೇ ಇತ್ತು. ಯಂತ್ರದ ಮುಂದೆ ನಿಂತು ಎರಡೂ ಕೈ ಎತ್ತಿದಳು. ಮಣ್ಣು ಹತ್ತಿದ ಬೇರುಗಳು ಅವಳ ನೆತ್ತಿಯ ಮೇಲೆ ತೂಗಾಡಿದವು.

ಡ್ರೈವರ್ ಬಸವೇಶ್ ಎಂಜಿನ್ ನಿಲ್ಲಿಸಿ ತಲೆ ಹೊರಗೆ ಹಾಕಿದ. ಅವನು ಹೆಡತಲೆ ಊರಿನವನೇ. ಅವಳನ್ನು ಎಷ್ಟೋ ಸಲ ಇದೇ ಬೇಲಿಯ ಬಳಿ ನೋಡಿದ್ದ.

"ಅಕ್ಕ, ಪಕ್ಕಕ್ ಬನ್ನಿ. ಗುರುಸಿದ್ದಮ್ನೋರು ಓಗ್ಬುಟ್ರು. ಒಳಗೆ ಗುಣಿ ತೆಗೀಬೇಕು."

"ಗೊತ್ತು. ಅದಕ್ಕೇ ಬಂದೆ. ಇದನ್ನ ಯಾರು ತರ್ಸಿದ್ದು?"

"ರುದ್ರೇಶಣ್ಣ. ದಾರಿ ಬುಡ್ಸಿ ಸುತ್ತ ನೀಟಾಗಿ ಕ್ಲೀನ್ ಮಾಡು ಅಂದವ್ರೆ. ಅವ್ರತ್ತೆ ಮಣ್ಣಾಗೋ ಜಾಗ ಪಾಳು ಬಿದ್ದಂಗೆ ಇರ್ಬಾರ್ದಂತೆ."

ಪವಿತ್ರ ಹೆಲ್ಮೆಟ್ ತೆಗೆದಳು. ರುದ್ರೇಶನ ಹತ್ತಿರ ತಾನು ಮಾತಾಡಿ ಬರುವವರೆಗೂ ಇನ್ನೊಂದು ಗಿಡ ಮುಟ್ಟಬೇಡ ಎಂದು ಕೇಳಿಕೊಂಡಳು. ಬಸವೇಶ್ ತುಸು ಯೋಚಿಸಿದ. ಆಮೇಲೆ ಬಕೆಟ್ಟನ್ನು ನಿಧಾನವಾಗಿ ಇಳಿಸಿ, ಕಿತ್ತ ಪೊದೆಯನ್ನು ಅದರ ಗುಂಡಿಯೊಳಕ್ಕೇ ಕೂರಿಸಿದ.

"ಬಿರ್ನೆ ಬನ್ನಿ," ಎಂದ. "ಒತ್ತಿಳಿಯೋದ್ರೊಳಗೆ ಎತ್ತುತಾರೆ."

*

ಹೆಡತಲೆಯಲ್ಲಿ ಆ ಜಾಗಕ್ಕೆ ಗುರುಸಿದ್ದಮ್ಮನ ಪಾಳು ಎಂದೇ ಹೆಸರು. ನಾಲೆಯ ಆಚೆ ದಿಬ್ಬದ ಮೇಲೆ, ಕಲ್ಲುನೆಲ. ಅಪ್ಪ ತೀರಿಕೊಂಡು ಅಲ್ಲೇ ಸಮಾಧಿಯಾದ ಮೇಲೆ ಅಣ್ಣತಂಗಿ ಭಾಗ ಮಾಡಿಕೊಂಡರು. ನಾಲೆಯ ಕೆಳಗಿನ ಗದ್ದೆ ಅಣ್ಣನಿಗಿರಲಿ, ದಿಬ್ಬ ನನಗಿರಲಿ ಎಂದು ಗುರುಸಿದ್ದಮ್ಮ ತಾವೇ ಹೇಳಿದರು. ಆಗವರು ಕಾಡಿನ ಸಂಶೋಧನೆಯ ಕೆಲಸದಲ್ಲಿದ್ದರು. ಕಡಿದು, ಸುಟ್ಟು, ಮೇಯಿಸಿ ಮುಗಿದ ಕಾಡು ತಾನಾಗಿ ಹೇಗೆ ಮರಳುತ್ತದೆ ಎಂಬುದೇ ಅವರ ವಿಷಯ. ಅದರ ಮೇಲೆ ಡಾಕ್ಟರೇಟ್ ಪಡೆದಿದ್ದರು.

ನೀಲಗಿರಿ ಹಾಕು ಎಂದವರುಂಟು, ಮಾವು ಹಾಕು ಎಂದವರುಂಟು. ಅವರು ಏನೂ ಹಾಕಲಿಲ್ಲ. ಆಡು ನುಗ್ಗದಂತೆ ಸುತ್ತ ಬೇಲಿ ಕಟ್ಟಿಸಿದರು. ಆಮೇಲೆ ಎಲ್ಲಿಂದಲೋ ಒಣಗಿದ ಕೊಂಬೆಗಳನ್ನು ಗಾಡಿಯಲ್ಲಿ ತರಿಸಿ ಅಲ್ಲಲ್ಲಿ ನೆಡಿಸಿದರು. ಪಕ್ಕದ ಹೊಲದ ನಾಗಯ್ಯ ಬದುವಿನ ಮೇಲೆ ಕೂತು ನೋಡಿ ನೋಡಿ, ತಡೆಯಲಾರದೆ ಕೇಳಿದ್ದ:

"ಅಲ್ಲ ಕಣವ್ವ, ಇಷ್ಟೆಲ್ಲ ಓದಿದ್ದೀಯೆ. ಒಣಕಡ್ಡಿ ಚಿಗುರ್ತದೇನವ್ವ?"

"ಚಿಗುರಕ್ಕಲ್ಲ ನಾಗಣ್ಣ. ಹಕ್ಕಿ ಬಂದ್ರೆ ಕೂರಕ್ಕೆ ಕುರ್ಚಿ ಬೇಡ್ವಾ? ಕೂತ್ಕಂಡು ಅದೇ ಬಿತ್ತನೆ ಮಾಡ್ತದೆ."

ಹಾಗೇ ಆಯಿತು. ಪಿಕಳಾರ, ಕೋಗಿಲೆ, ಗೊರವಂಕ ಬಂದು ಕೂತವು. ಎಲ್ಲೆಲ್ಲೋ ತಿಂದ ಹಣ್ಣಿನ ಬೀಜವನ್ನು ಹಿಕ್ಕೆಯ ಜೊತೆ ಉದುರಿಸಿದವು. ಮೊದಲು ಎದ್ದದ್ದು ಸೂರಿಮುಳ್ಳು, ಕಾರೆ, ಲಂಟಾನ. ಲಂಟಾನವನ್ನು ಮಾತ್ರ ಗುರುಸಿದ್ದಮ್ಮ ಕೀಳಿಸುತ್ತಿದ್ದರು. ಮಿಕ್ಕ ಮುಳ್ಳಿನ ನೆರಳಲ್ಲಿ ಬೇವು, ನೇರಳೆ, ಕಗ್ಗಲಿ, ಬಾಗೆ ತಲೆ ಎತ್ತಿದವು. ಮರಗಳ ತಲೆ ತಲೆ ಕೂಡಿಕೊಂಡಾಗ ಅವರ ಕೂದಲು ಬೆಳ್ಳಗಾಗಿತ್ತು, ನಿವೃತ್ತಿಯಾಗಿ ಅಣ್ಣನ ಮನೆಗೇ ಬಂದಿದ್ದರು. ಅಣ್ಣ ಇರಲಿಲ್ಲ. ಅತ್ತಿಗೆ ಚನ್ನಬಸಮ್ಮ, ಅಣ್ಣನ ಮಗ ರುದ್ರೇಶ್ ಇದ್ದರು.

*

ಮನೆಯ ಜಗಲಿಯ ಮೇಲೆ ಗುರುಸಿದ್ದಮ್ಮನನ್ನು ಕೂರಿಸಿದ್ದರು. ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಎದ್ದಿರಲಿಲ್ಲ. ಸ್ನಾನ ಮಾಡಿಸಿ, ಹಸಿರಂಚಿನ ಬಿಳಿ ಸೀರೆ ಉಡಿಸಿ, ಗೋಡೆಗೆ ಒರಗಿಸಿ ಕಟ್ಟಿದ್ದರು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಕನ್ನಡಕ ತೆಗೆದಿದ್ದರು. ಮೂಗಿನ ಮೇಲೆ ಅದರ ಗುರುತು ಮಾತ್ರ ಉಳಿದಿತ್ತು. ಯಾವುದೋ ಹಕ್ಕಿ ಹತ್ತಿರ ಬರಲೆಂದು ಅಲುಗಾಡದೆ ಕೂತಿರುವಂತೆ ಇದ್ದರು.

ಪವಿತ್ರ ಅಂಗಳದಲ್ಲೇ ನಿಂತಳು. ಪಕ್ಕದಲ್ಲಿ ಕೂತಿದ್ದ ಚನ್ನಬಸಮ್ಮ ನೋಡಿ, "ಬಾ ಮಗ, ಅಲ್ಯಾಕ್ ನಿಂತ್ಕಂಡಿಯೆ?" ಎಂದು ಜಗಲಿಯ ಮೇಲೆ ಕೈಯಾಡಿಸಿ ಜಾಗ ತೋರಿಸಿದರು. ಅವಳು ಮೊದಲ ಸಲ ಈ ಮನೆಗೆ ಬಂದಾಗ ಇದೇ ಚನ್ನಬಸಮ್ಮ, ಸೋಮನಾಥಪುರದ ಹತ್ತಿರ ಅಂದರೆ ಯಾವೂರು, ಊರಲ್ಲಿ ಯಾವ ಬೀದಿ ಎಂದು ಕೇಳಿದ್ದರು. ಗುರುಸಿದ್ದಮ್ಮ ಅದಕ್ಕೆ ಉತ್ತರ ಕೊಡುವುದಕ್ಕೆ ಬಿಡದೆ, ತಮ್ಮ ತಟ್ಟೆಯ ಪಕ್ಕಕ್ಕೆ ಇನ್ನೊಂದು ತಟ್ಟೆ ಇಟ್ಟು ಕೂರು ಎಂದಿದ್ದರು. ಆ ಪ್ರಶ್ನೆ ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಪವಿತ್ರ ತನಗೆ ಕಾಡು ಕಲಿಸಿದ ಮೇಡಮ್ಮಿನ ಪಾದ ಮುಟ್ಟಿದಳು. ಹಿಮ್ಮಡಿಯಲ್ಲಿ ಹಳೆಯ ಮುಳ್ಳಿನ ಕಪ್ಪು ಚುಕ್ಕೆಗಳಿದ್ದವು. ಅಳು ಬರುವ ಮುಂಚೆ ಎದ್ದು ಬೀದಿಗೆ ಬಂದಳು. ಮೊದಲು ಆಗಬೇಕಾದ ಮಾತು ಇತ್ತು.

ಬೀದಿಯಲ್ಲಿ ವಿಮಾನ ಕಟ್ಟುತ್ತಿದ್ದರು. ಕೂರಿಸಿ ಒಯ್ಯುವ ಹೆಣಕ್ಕೆ ಬಿದಿರು, ಬಾಳೆಕಂಬ, ಹೂವಿನಿಂದ ಮಾಡುವ ಆ ಮಂಟಪಕ್ಕೆ ರುದ್ರೇಶ್ ನಂಜನಗೂಡಿನಿಂದ ಆಳು ಕರೆಸಿದ್ದ. ಅಂಥ ವಿಮಾನ ಊರಲ್ಲಿ ಯಾರಿಗೂ ಕಟ್ಟಿರಲಿಲ್ಲ. ನಾಲ್ಕು ಮೂಲೆಗೆ ಗೋಪುರ, ಮೇಲೆ ಕಳಸ. ಅಗಲವೂ ಅಷ್ಟೇ, ಬೀದಿಯಲ್ಲಿ ಎದುರಿಗೆ ಬೈಕು ಬಂದರೆ ನಿಲ್ಲಬೇಕಿತ್ತು.

ಪವಿತ್ರ ವಿಷಯ ಹೇಳಿದಳು. ರುದ್ರೇಶ್ ಹಗ್ಗ ಬಿಗಿಯುತ್ತಲೇ ಕೇಳಿದ. ಕಾರ್ತಿಕದಲ್ಲಿ ಗದ್ದೆಯಲ್ಲಿ ಗುಣಿ ತೆಗೆದರೆ ನೀರು ಬರುತ್ತದೆ, ಇರುವ ಒಣನೆಲ ಅದೊಂದೇ, ತಾತನ ಸಮಾಧಿಯೂ ಅದರ ನಡುವೆ ಇದೆ, ಪಕ್ಕದಲ್ಲೇ ಆಗಬೇಕು ಎಂದ. ಅದಕ್ಕೆ ತನ್ನದೇನೂ ಅಡ್ಡಿಯಿಲ್ಲ, ಗುಣಿಯನ್ನು ಕೈಯಲ್ಲಿ ತೆಗೆದರಾಯಿತು, ರಸ್ತೆ ಮಾತ್ರ ಬೇಡ ಎಂದಳು.

"ಈ ವಿಮಾನ ಆ ಕಾಲ್ದಾರೀಲಿ ಓಗ್ತದಾ?" ರುದ್ರೇಶ್ ಹಗ್ಗ ಬಿಟ್ಟು ನಿಂತ. "ನೋಡವ್ವ, ನಮ್ಮತ್ತೆಗೆ ಗಂಡ ಇಲ್ಲ, ಮಕ್ಳಿಲ್ಲ, ಸತ್ರೆ ಅಳೋರು ಯಾರು ಅಂತ ಈ ಬೀದೀಲೇ ಅಂದವ್ರೆ. ನನ್ ಕಿವೀಲಿ ಕೇಳೀನಿ. ಇವತ್ತು ಅವ್ರೆಲ್ಲ ನಿಂತ್ಕಂಡು ನೋಡ್ಬೇಕು. ರಾಣಿ ಓದಂಗೆ ಓಗ್ಬೇಕು ನಮ್ಮತ್ತೆ."

ಅವನ ಕಣ್ಣು ಕೆಂಪಾಗಿತ್ತು. ಕಾಡನ್ನು ಕಡಿಯಲು ಹೊರಟವನ ಮೇಲೆ ಸಿಟ್ಟು ಮಾಡಬಹುದು, ಇವನ ಮೇಲೆ ಹೇಗೆ ಮಾಡುವುದು? ಆದರೂ ಪವಿತ್ರ ಹೇಳಿದಳು. ಆ ದಾರಿಯ ಮೇಲೆ ಎರಡೂ ಕಡೆಯ ಕೊಂಬೆಗಳು ಒಂದನ್ನೊಂದು ಹಿಡಿದುಕೊಂಡಿವೆ. ಅಲ್ಲಿ ರಾತ್ರಿ ಹೊತ್ತು ಓಡಾಡುವ ದುಂಡುಕಣ್ಣಿನ ಕಾಡುಪಾಪಗಳಿವೆ. ಅವು ಕೊಂಬೆಯಿಂದ ಕೊಂಬೆಗೆ ನಡೆಯುತ್ತವೆ, ಹಾರುವುದಿಲ್ಲ. ನೆಲಕ್ಕಿಳಿದರೆ ನಾಯಿಯ ಬಾಯಿಗೆ. ನಡುವೆ ರಸ್ತೆ ಬಿದ್ದರೆ ಈಚೆಯದು ಈಚೆ, ಆಚೆಯದು ಆಚೆ.

"ಸುತ್ತ ಎಲ್ಲ ಹೊಲ ಆಗೋಗಿದೆ ಅಣ್ಣ. ಅವಕ್ಕೆ ಇನ್ನೆಲ್ಲೂ ಜಾಗ ಇಲ್ಲ. ಮೇಡಂ ಇಷ್ಟು ವರ್ಷ ಕಾದಿದ್ದು ಆ ಕೊಂಬೆಗಳು ಕೂಡಿಕೊಳ್ಳಲಿ ಅಂತ."

ರುದ್ರೇಶ್ ವಿಮಾನದ ಕಡೆ ನೋಡಿದ, ನಾಲೆಯಾಚೆಯ ದಿಬ್ಬದ ಕಡೆ ನೋಡಿದ. ಹಿರಿಯರನ್ನು ಕರೆಯಲು ಮನೆಯೊಳಗೆ ಹೋದ.

*

ಪವಿತ್ರ ಆ ದಿಬ್ಬಕ್ಕೆ ಮೊದಲ ಸಲ ಬಂದದ್ದು ಎಂ.ಎಸ್ಸಿ. ಓದುವಾಗ. ಇದ್ದುದರಲ್ಲಿ ಒಳ್ಳೆಯ ಚೂಡಿದಾರ ಹಾಕಿಕೊಂಡು ಬಂದಿದ್ದಳು. ಮುಂದೆ ಮೇಡಂ, ಹಿಂದೆ ಅವಳು. ಹತ್ತು ಮಾರು ಹೋಗುವುದರೊಳಗೆ ದುಪಟ್ಟ ಮುಳ್ಳಿಗೆ ಸಿಕ್ಕಿತು. ಎಳೆದಳು. ಪರ್ ಎಂದಿತು. ಇನ್ನಷ್ಟು ಎಳೆದಳು. ತೋಳೂ ಸಿಕ್ಕಿಕೊಂಡಿತು.

ಮೇಡಂ ತಿರುಗಿ ನೋಡಿ ನಕ್ಕರು.

"ಎಳೀಬೇಡ. ಇದರ ಮುಳ್ಳು ನೋಡು, ಬೆಕ್ಕಿನ ಉಗುರಿನ ಹಾಗೆ ಹಿಂದಕ್ಕೆ ಬಾಗಿದೆ. ನೀನು ಮುಂದಕ್ಕೆ ಎಳೆದಷ್ಟೂ ಅದು ಹಿಡಿಯುತ್ತೆ. ಒಂದು ಹೆಜ್ಜೆ ಹಿಂದಕ್ಕೆ ಹೋಗು."

ಪವಿತ್ರ ಹಿಂದಕ್ಕೆ ಹೋದಳು. ಮುಳ್ಳು ಬಿಟ್ಟಿತು.

"ಸೂರಿಮುಳ್ಳು ಇದು," ಎಂದರು ಮೇಡಂ. "ನಮ್ಮ ರುದ್ರೇಶ ಚಿಕ್ಕವನಿದ್ದಾಗ ಹಣ್ಣಿನ ಆಸೆಗೆ ನುಗ್ಗಿ, ಸಿಕ್ಕಿಹಾಕಿಕೊಂಡು ಅತ್ತೇ ಅತ್ತೇ ಅಂತ ಅರಚಿದ್ದ. ಅವನಿಗೂ ಇದೇ ಪಾಠ."

ಪೊದೆಯಿಂದ ಬಟಾಣಿಯಷ್ಟು ಗಾತ್ರದ ಕಪ್ಪು ಹಣ್ಣು ಬಿಡಿಸಿ ಕೊಟ್ಟರು. ಹುಳಿಸಿಹಿ. ಬೀಜ ಎಲ್ಲಿ ಉಗಿಯಲಿ ಎಂದು ಪವಿತ್ರ ಕೇಳಿದಳು. ನಿಮ್ಮೂರಿಗೆ ಹೋಗುವ ದಾರಿಯಲ್ಲಿ ಎಲ್ಲಾದರೂ ಉಗಿ, ನೀನೂ ಒಂದು ಹಕ್ಕಿಯೇ ಎಂದರು.

*

ಜಗಲಿಯ ಮೇಲೆ ಪಂಚಾಯ್ತಿ ಸೇರಿತು. ಗುರುಸಿದ್ದಮ್ಮನೂ ಅದರ ನಡುವೆ ಕೂತೇ ಇದ್ದರು. ವಿಮಾನವಿಲ್ಲದೆ ಒಯ್ಯುವುದೆಂದರೆ ದಿಕ್ಕಿಲ್ಲದವರ ಹೆಣ ಒಯ್ದಂತೆ ಎಂದು ನಾಗಯ್ಯ ವಾದಿಸಿದ. ಅವನಿಗೆ ಈಗ ವಯಸ್ಸಾಗಿತ್ತು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಮನೆಗೂ ಹೋಗಿರಲಿಲ್ಲ. ಕ್ರಿಯೆ ಮಾಡಿಸಲು ಬಂದಿದ್ದ ಗಂಗಾಧರಸ್ವಾಮಿಗಳನ್ನು ಕೇಳಿದರು. ಸ್ನಾನ, ವಿಭೂತಿ, ಕೈಯಲ್ಲಿ ಲಿಂಗ, ತುಂಬ ಪತ್ರೆ, ಇಷ್ಟು ಶಾಸ್ತ್ರಕ್ಕೆ ಬೇಕು, ವಿಮಾನ ನಮ್ಮ ನಮ್ಮ ಸಂತೋಷಕ್ಕೆ ಎಂದರು ಅಯ್ಯನವರು. ಮನೆಯವರು ಹೇಳಿದಂತೆ ಎಂದೂ ಸೇರಿಸಿದರು.

ಮಾತು ಬಗೆಹರಿಯದಿದ್ದಾಗ ನಾಗಯ್ಯನೇ ಹಳೆಯ ಕತೆಯೊಂದನ್ನು ತೆಗೆದ. ಒಂದು ಸಲ ಕಾಡಿನ ಇಲಾಖೆಯ ದೊಡ್ಡ ಸಾಹೇಬರು ಗುರುಸಿದ್ದಮ್ಮನನ್ನು ಹುಡುಕಿಕೊಂಡು ಜೀಪಿನಲ್ಲಿ ಬಂದಿದ್ದರಂತೆ. ದಾರಿಯಲ್ಲಿ ಸಿಕ್ಕಿದವನು ಇವನೇ.

"ನಾನು, ಆಯಮ್ಮ ಅಕ್ಕಿ ನೋಡಕ್ಕೋಗವ್ರೆ ಸಾ, ಅಂದೆ. ಸಾಹೇಬ್ರು ಸೀದಾ ಸೊಸೈಟಿ ತಾವ ಓಗಿ ರೇಷನ್ ಕ್ಯೂನಲ್ಲಿ ಹುಡುಕವ್ರೆ. ಒತ್ತೊಯ್ತು, ಸಿಕ್ನಿಲ್ಲ. ಆಮೇಲೆ ಬಂದು ನನ್ನ ಬೈದ್ರು. ಅಲ್ಲ ಸಾ, ಮೇಲ್ ಆರೋ ಅಕ್ಕಿ ಸಾ ಅಂದೆ."

ಅಳುತ್ತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಯ್ಯನವರೂ ನಕ್ಕರು. ಚನ್ನಬಸಮ್ಮನೂ ನಕ್ಕು, ಕಣ್ಣೊರಸಿಕೊಂಡು, ಆ ಹಕ್ಕಿಗಳ ಹಿಕ್ಕೆಯನ್ನು ನಾದಿನಿ ನನ್ನ ಮೊರದಲ್ಲೇ ಹಾಕಿ, ನನ್ನ ಸಂಡಿಗೆಯ ಪಕ್ಕದಲ್ಲೇ ಒಣಗಿಸುತ್ತಿದ್ದಳು, ಜಗಳವಾಡಿ ಜಗಳವಾಡಿ ಸಾಕಾಗಿ ಆ ಮೊರವನ್ನೇ ಕೊಟ್ಟುಬಿಟ್ಟೆ ಎಂದರು. ಪ್ರತಿ ಬೀಜದ ಹೆಸರೂ ಅವಳಿಗೆ ಗೊತ್ತಿತ್ತು ಎಂದರು.

*

ಚನ್ನಬಸಮ್ಮ ದಿಬ್ಬದೊಳಗೆ ಹೋದದ್ದು ಒಂದೇ ಒಂದು ಸಲ. ಒಂದು ಮುಸ್ಸಂಜೆ ನಾದಿನಿ ಕೈಹಿಡಿದು ಎಬ್ಬಿಸಿದ್ದಳು. ಅತ್ತಿಗೆ, ನಿಂಗೊಂದು ಮಗು ತೋರಿಸ್ತೀನಿ ಬಾ. ಮಂಡಿನೋವು, ಮುಳ್ಳು, ಹಾವಿನ ಭಯ, ಎಲ್ಲ ಹೇಳಿದರೂ ಬಿಡಲಿಲ್ಲ.

ತಗ್ಗಿನ ಕೊಂಬೆಗಳ ಕೆಳಗೆ ಇಬ್ಬರೂ ಬಗ್ಗಿ ಬಗ್ಗಿ ಹೋದರು. ಮಾವನ ಸಮಾಧಿಯ ಹತ್ತಿರ ಕೂತರು. ಗುರುಸಿದ್ದಮ್ಮ ಕೆಂಪು ಕಾಗದ ಸುತ್ತಿದ ಬ್ಯಾಟರಿಯನ್ನು ಮೇಲಕ್ಕೆ ಹಿಡಿದಳು. ಕೊಂಬೆಯ ಮೇಲೆ ಎರಡು ದುಂಡು ಕಣ್ಣು ಹೊಳೆದವು. ಅಂಗೈಯಷ್ಟು ಜೀವ, ಬಡಕಲು ಕೈಕಾಲು. ಅದರ ಹೊಟ್ಟೆಗೆ ಇನ್ನೊಂದು ಅಂಟಿಕೊಂಡಿತ್ತು. ತಾಯಿ ಒಂದು ಕೈ ಚಾಚಿ ಎದುರಿನ ಮರದ ಕೊಂಬೆ ಹಿಡಿಯಿತು. ಹಿಡಿದದ್ದು ಗಟ್ಟಿಯೇ ಎಂದು ನೋಡಿ, ಆಮೇಲೆ ಇನ್ನೊಂದು ಕೈ ಬಿಟ್ಟಿತು. ಅವಸರವೇ ಇಲ್ಲ. ಹೊಸದಾಗಿ ಹೆತ್ತವಳು ಮೆಟ್ಟಿಲು ಇಳಿದ ಹಾಗೆ.

ಗಂಡ ತೀರಿಕೊಂಡ ವರ್ಷ ಅದು. ಚನ್ನಬಸಮ್ಮ ಕತ್ತು ನೋಯುವವರೆಗೂ ನೋಡಿದರು. ನಾದಿನಿ ಬ್ಯಾಟರಿ ಆರಿಸಿದ ಮೇಲೂ ಇಬ್ಬರೂ ಅಲ್ಲೇ ಕೂತಿದ್ದರು. ಹಿಂದಿರುಗುವಾಗ ಗುರುಸಿದ್ದಮ್ಮ, ನಾನು ಹುಟ್ಟಿದಾಗ ಈ ದಿಬ್ಬದಲ್ಲಿ ಇವು ಇದ್ದವಂತೆ ಅತ್ತಿಗೆ, ಅಪ್ಪ ಹೇಳುತ್ತಿದ್ದ, ತಿರುಗಿ ಬಂದವು ನೋಡು ಎಂದಳು. ಬಡ್ತಿಯ ಸುದ್ದಿಯನ್ನೂ ಅವಳು ಆ ದನಿಯಲ್ಲಿ ಹೇಳಿರಲಿಲ್ಲ.

*

"ರುದ್ರ," ಎಂದರು ಚನ್ನಬಸಮ್ಮ. ಎಲ್ಲರೂ ತಿರುಗಿದರು. "ಅವ್ಳು ಬದ್ಕಿದ್ದಾಗ ಒಂದಿನಾನೂ ಆ ವಲಕ್ಕೆ ತಲೆ ಎತ್ಕಂಡು ಓಗ್ನಿಲ್ಲ. ಬಗ್ಗೇ ಓದ್ಲು. ಇವತ್ತೂ ಬಗ್ಗೇ ಓಗ್ಲಿ ಬುಡು."

"ಅವ್ವ, ವಿಮಾನ?"

"ಊರ್ ತುಂಬ ಮೆರುಸ್ಲಾ. ಬೇಲಿ ಗಂಟ ರಾಣಿ ಆಗಿ ಓಗ್ಲಿ. ಬೇಲಿ ಒಳಗೆ ಅವ್ಳ ಮನೆ. ಮನೆ ಒಳಗೆ ಯಾರ್ಲಾ ವಿಮಾನದಲ್ಲಿ ಓಗೋರು?"

ರುದ್ರೇಶ್ ಅತ್ತೆಯ ಮುಖ ನೋಡಿದ. ಆಮೇಲೆ ಮಹಡಿಗೆ ಹೋಗಿ ಅವರ ಬೆತ್ತದ ಕುರ್ಚಿ ತಂದ. ಹಕ್ಕಿ ನೋಡುತ್ತ ಅವರು ಕೂರುತ್ತಿದ್ದ ಕುರ್ಚಿ, ಒಂದು ಕೈ ಸವೆದು ನುಣ್ಣಗಾಗಿತ್ತು. ಎರಡು ಪಕ್ಕಕ್ಕೂ ಬಿದಿರಿನ ಗಳ ಕಟ್ಟಿದ. ಮುಂದೊಬ್ಬ ಹಿಂದೊಬ್ಬ ಹಿಡಿದರೆ ಕಾಲ್ದಾರಿಯಲ್ಲಿ ಹೋಗುವಷ್ಟೇ ಅಗಲ. ಹಾರೆ ಪಿಕಾಸಿ ಹಿಡಿದು ನಾಲ್ಕೈದು ಜನ ಗುಣಿ ತೆಗೆಯಲು ಹೊರಟರು. ಸಮಾಧಿಯ ಪಕ್ಕ ಬೇರು ಕಡಿಯದ ಜಾಗ ತೋರಿಸಲು ಪವಿತ್ರ ಜೊತೆಗೆ ಹೋದಳು. ಬಸವೇಶ್ ಜೆಸಿಬಿಯನ್ನು ರಸ್ತೆಯಾಚೆ ನಿಲ್ಲಿಸಿ ಬಂದು ತಾನೂ ಗುದ್ದಲಿ ಹಿಡಿದ.

*

ಬಿಸಿಲು ಇಳಿಯತೊಡಗಿದಾಗ ಎತ್ತಿದರು. ವಿಮಾನ ಊರಿನ ಮೂರೂ ಬೀದಿ ಸುತ್ತಿತು. ಮುಂದೆ ತಮಟೆ, ಹಿಂದೆ ಮಂದಿ. ಸುತ್ತೂರಿನಿಂದ, ನಂಜನಗೂಡಿನಿಂದ, ಗುರುಸಿದ್ದಮ್ಮನ ಜೊತೆ ಕೆಲಸ ಮಾಡಿದವರು ಬಂದರು. ಜಗಲಿಗಳ ಮೇಲೆ ಜನ ನಿಂತು ನೋಡಿದರು. ರುದ್ರೇಶ್ ಯಾರ ಮುಖವನ್ನೂ ನೋಡಲಿಲ್ಲ. ದಾರಿ ತಿಳಿಯದೆ ಯಾರೋ ಫೋನು ಮಾಡಿದಾಗ ನಾಗಯ್ಯ ಒಂದು ಕಿವಿ ಮುಚ್ಚಿಕೊಂಡು ಹೇಳಿದ: "ನಾಲೆ ದಾಟಿ ಬನ್ನಿ ಸಾ. ಗುರುಸಿದ್ದಮ್ನೋರ ಕಾಡು ಅಂತ ಕೇಳಿ, ಯಾರಾದ್ರೂ ತೋರಿಸ್ತಾರೆ."

ಬೇಲಿಯ ಬಳಿ ವಿಮಾನ ಇಳಿಸಿದರು. ಗುರುಸಿದ್ದಮ್ಮನನ್ನು ಅವರ ಕುರ್ಚಿಗೆ ಕೂರಿಸಿ ಸೆರಗಿನಿಂದಲೇ ಸೊಂಟ ಬಿಗಿದರು. ಉಳಿದ ತುದಿ ಪಕ್ಕಕ್ಕೆ ಇಳಿಬಿತ್ತು. ಮಡಿಲಿಗೆ ಪತ್ರೆ ತುಂಬಿದರು. ಮುಂದೆ ರುದ್ರೇಶ್ ಹಿಡಿದ, ಹಿಂದೆ ಬಸವೇಶ್. ದಾರಿಯ ಒಂದೊಂದು ಮುಳ್ಳೂ ಗೊತ್ತಿದ್ದವಳು ಪವಿತ್ರ ಒಬ್ಬಳೇ. ಹೆಂಗಸರು ಮುಂದೆ ಹೋಗುವ ವಾಡಿಕೆಯಿಲ್ಲ ಎಂದು ಯಾರೋ ಗೊಣಗಿದರು. ಅಯ್ಯನವರು ಕೇಳಿಸದವರಂತೆ ಅವಳಿಗೆ ನಡಿ ಎಂದು ಕಣ್ಣಿನಲ್ಲೇ ಹೇಳಿದರು.

ಅವಳು ಕೊಂಬೆ ಎತ್ತಿ ಹಿಡಿದಳು, ಕುರ್ಚಿ ಕೆಳಗೆ ನುಸುಳಿತು. ಎಲ್ಲರೂ ಒಬ್ಬರ ಹಿಂದೊಬ್ಬರು, ತಲೆ ಬಗ್ಗಿಸಿ. ಒಳಗೆ ಬೆಳಕು ಹಸಿರಾಗಿತ್ತು, ತಮಟೆಯ ಸದ್ದೂ ತಗ್ಗಿತು. ಈ ಊರಿನವರೇ ಆದರೂ ಹೆಚ್ಚಿನವರು ಇದರೊಳಕ್ಕೆ ಕಾಲಿಟ್ಟಿರಲಿಲ್ಲ. ಅತ್ತಿತ್ತ ನೋಡುತ್ತ, ಪಿಸುದನಿಯಲ್ಲಿ ಮಾತಾಡುತ್ತ ಬಂದರು.

ಗುಣಿ ಕಣ್ಣಿಗೆ ಬೀಳುವಷ್ಟು ಹತ್ತಿರವಾದಾಗ ಕುರ್ಚಿ ನಿಂತಿತು. ಪಕ್ಕಕ್ಕೆ ಇಳಿಬಿದ್ದ ಸೆರಗನ್ನು ಸೂರಿಮುಳ್ಳು ಹಿಡಿದಿತ್ತು. ಬಸವೇಶ್ ಹಿಂದಿನಿಂದ ನೂಕಿದ. ಪೊದೆ ಪೂರಾ ಬಾಗಿ ಬಂತು, ಬಿಡಲಿಲ್ಲ. ಅದರ ಜೊತೆ ಮೇಲಿನ ಕೊಂಬೆಗಳೂ ಅಲುಗಿದವು.

"ಎಳೀಲಾ ರುದ್ರ," ಎಂದ ಹಿಂದಿನಿಂದ ನಾಗಯ್ಯ. "ಇಲ್ಲಾಂದ್ರೆ ಮಚ್ಚಿನಲ್ಲಿ ಒಂದೇಟು ಬುಡು. ಎತ್ತಿದ ಮೇಲೆ ಇಂದಕ್ಕೆ ಓಗಂಗಿಲ್ಲ."

ಪವಿತ್ರ ತಿರುಗಿದಳು. ಹೇಳಬೇಕೆಂದು ಬಾಯಿ ತೆರೆದಳು, ಹೆಣದ ಶಾಸ್ತ್ರದಲ್ಲಿ ತಾನು ಹೇಳುವುದೆಂತು ಎಂದು ತಡೆದಳು. ರುದ್ರೇಶ್ ಗಳ ಹಿಡಿದು ನಿಂತೇ ಇದ್ದ, ಕತ್ತು ತಿರುಗಿಸಿ ಪೊದೆಯನ್ನು ನೋಡಿದ. ಅದರ ತುಂಬ ಕಪ್ಪು ಹಣ್ಣು. ಅವನ ತುಟಿ ಅಲುಗಿತು.

"ಬಸವೇಶ," ಎಂದ, "ಒಂದೆಜ್ಜೆ ಇಂದಕ್ಕೋಗು."

ಬಸವೇಶ್ ಹಿಂದಿನವರ ಕಡೆ ನೋಡಿದ. ಹಿಂದಿನವರು ಅಯ್ಯನವರ ಕಡೆ ನೋಡಿದರು. ಅಯ್ಯನವರು ತಾವೇ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ನಾಗಯ್ಯ ಸರಿದ. ಅವನ ಹಿಂದಿನವರು ಸರಿದರು. ಹಿಂದಕ್ಕೆ, ಹಿಂದಕ್ಕೆ ಎಂಬ ಮಾತು ಬಾಯಿಂದ ಬಾಯಿಗೆ ಬೇಲಿಯವರೆಗೂ ಹೋಯಿತು. ತಮಟೆ ನಿಂತಿತು. ಇಡೀ ಮೆರವಣಿಗೆ, ತಲೆ ಬಗ್ಗಿಸಿಕೊಂಡೇ, ಗುಣಿಯಿಂದ ಒಂದು ಹೆಜ್ಜೆ ಹಿಂದಕ್ಕೆ ಬಂತು.

ಮುಳ್ಳು ಬಿಟ್ಟಿತು. ಸೆರಗಿನ ಒಂದು ನೂಲೂ ಕಿತ್ತು ಬರಲಿಲ್ಲ. ಬಾಗಿದ್ದ ಪೊದೆ ತನ್ನಷ್ಟಕ್ಕೆ ಮೇಲೆದ್ದು ನಿಂತಿತು. ಎದ್ದ ರಭಸಕ್ಕೆ ನಾಲ್ಕಾರು ಹಣ್ಣು ಉದುರಿ ಗುರುಸಿದ್ದಮ್ಮನ ಮಡಿಲಿಗೆ, ಪತ್ರೆಯ ನಡುವೆ ಬಿದ್ದವು. ಪವಿತ್ರ ನೋಡಿದಳು. ಅಯ್ಯನವರೂ ನೋಡಿದರು. ಯಾರೂ ತೆಗೆಯಲಿಲ್ಲ. ರುದ್ರೇಶ್ ಮುಂದಕ್ಕೆ ಕಾಲಿಟ್ಟ.